ಹನ್ನೊಂದು ಮನೆಯ ಬೀಗದಕೈ

ಜಯಕ್ಕನ ಮನೆಯ ಮುಂಬಾಗಿಲ ಪಕ್ಕದ ಗೋಡೆಯಲ್ಲಿ ಹನ್ನೊಂದು ಮೊಳೆ, ಮೊಳೆಗೊಂದು ಬೀಗದಕೈ ಇರುತ್ತಿತ್ತು. ಅದರಲ್ಲಿ ಒಂದೂ ಅವರದಲ್ಲ, ಎಲ್ಲಾ ನಮ್ಮ ಬೀದಿಯವರದು. ಕೆಲಸದವಳಿಗೆ ಕೊಡಲಿಕ್ಕೆಂದು ಮೂಲೆಮನೆ ಮೇಷ್ಟ್ರದು, ಸ್ಕೂಲಿಂದ ಬೇಗ ಬರುವ ಮಕ್ಕಳಿಗೆಂದು ಮಹಡಿಮನೆಯವರದು, ಸುಮ್ಮನೆ ಒಂದು ಇರಲಿ ಅಂತ ಇನ್ಯಾರದೋ. ಮೊದಲನೇ ಮೊಳೆ ಹೊಡೆಸಿದ ಪುಣ್ಯಾತ್ಗಿತ್ತಿ ಎದುರುಮನೆಯ ನಾನೇ.

ನಾವು ರಾಮಕೃಷ್ಣನಗರಕ್ಕೆ ಬಂದಾಗ ಜಯಕ್ಕ ಒಂದು ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದರು. ಮದುವೆಯಾಗಿರಲಿಲ್ಲ. ಸಾಲ ಮಾಡಿ ಮನೆ ಕಟ್ಟಿಸಿ, ನಂಜನಗೂಡಿನ ಕಡೆಯ ಹಳ್ಳಿಯಿಂದ ಅಪ್ಪ ಅಮ್ಮನನ್ನು ಕರೆಸಿಕೊಂಡಿದ್ದರು. ಜಯಕ್ಕನಿಗೆ ಐವತ್ತೆರಡು ತುಂಬಿದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡರು, ಅದಾಗಿ ನಾಲ್ಕು ತಿಂಗಳಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಹಾಸನದಿಂದ ಅಣ್ಣ ಬಂದರು, ನೋಡಿದರು. "ನಿಂಗೇನಮ್ಮ, ಹೇಗೂ ಒಬ್ಳೇ. ವಿಆರ್‌ಎಸ್ ತಗೊಂಬುಡು, ಹೇಗೂ ಪೆನ್ಷನ್ ಬರುತ್ತೆ" ಅಂದು ಮಧ್ಯಾಹ್ನದ ಬಸ್ಸಿಗೆ ವಾಪಸು ಹೋದರು. ಎಂಟು ವರ್ಷ ಸರ್ವೀಸು ಬಾಕಿ ಇರುವಾಗಲೇ ಜಯಕ್ಕ ಕೆಲಸ ಬಿಟ್ಟು ಮನೆಯಲ್ಲಿ ಕೂತರು.

ಬೀಳ್ಕೊಡುಗೆಯ ದಿನ ಸಂಜೆ ನನ್ನನ್ನು ಕರೆದು ಒಂದು ಜೊತೆ ಬಿಳಿ ಶೂ ತೋರಿಸಿದರು. "ಇಪ್ಪತ್ಮೂರು ಗಂಟೆ ಅಪ್ಪ ಅಮ್ಮಂದು ಕಣಮ್ಮ. ಬೆಳಿಗ್ಗೆ ಒಂದ್ ಗಂಟೆ ಮಾತ್ರ ನಂದು. ಯಾರನ್ನಾದ್ರೂ ಕೂರಿಸಿ ಕುಕ್ಕರಹಳ್ಳಿ ಕೆರೆ ಒಂದ್ ಸುತ್ತು ಹಾಕ್ಕೊಂಡ್ ಬರ್ತೀನಿ" ಅಂದರು. ಆಮೇಲೆ ಗೊತ್ತಾಯಿತು, ಆ ಒಂದು ಗಂಟೆಗೆ ಬರುವ ಹೆಂಗಸು ಕೇಳುವ ಸಂಬಳಕ್ಕೆ ಅಪ್ಪನ ಹದಿನೈದು ದಿನದ ಮಾತ್ರೆ ಬರುತ್ತೆ ಅಂತ. "ಪೆನ್ಷನ್ ಅರ್ಧ, ಔಷಧಿ ಪೂರ್ತಿ" ಅಂತ ನಕ್ಕರು. ಶೂ ಸ್ಟ್ಯಾಂಡಿನ ಮೇಲೇ ಉಳಿಯಿತು, ಬೆಳ್ಳಗೆ.

ಅವರು ಮನೆಯಲ್ಲಿ ಕೂತ ಮುಂದಿನ ವಾರವೇ ನಾನು ಹೋದೆ. "ಜಯಕ್ಕ, ಇವತ್ತು ಗ್ಯಾಸ್‌ನವರು ಬರ್ತಾರೆ. ಹೇಗೂ ಮನೇಲೇ ಇರ್ತೀರಲ್ಲ?" ಅಂದೆ, ಬೀಗದಕೈ ಕೈಗಿಟ್ಟೆ. ಈ 'ಹೇಗೂ' ಅನ್ನುವ ಮಾತು ಎಷ್ಟು ಅನುಕೂಲ ನೋಡಿ! ಕೇಳಬೇಕಾದ್ದನ್ನು ಕೇಳದೇ ಕೊಟ್ಟುಬಿಡಬಹುದು. ನನ್ನ ನೋಡಿ ಪಕ್ಕದವರು ಕೊಟ್ಟರು, ಅವರ ನೋಡಿ ಮೇಷ್ಟ್ರು. ವರ್ಷ ತುಂಬುವುದರೊಳಗೆ ಕೊರಿಯರಿನವರು ನಮ್ಮ ಗೇಟಿನ ಕಡೆ ತಿರುಗಿಯೂ ನೋಡದೆ ನೇರ ಅವರ ಬೆಲ್ ಒತ್ತುತ್ತಿದ್ದರು. ಒಳಗಿನ ಮಂಚದಿಂದ ಅಪ್ಪ "ಯಾರವ್ವ ಅದು?" ಅಂತ ಕೂಗುವುದು, ಇವರು "ನಮ್ಮನೆ ಪೋಸ್ಟಾಫೀಸ್ ಆಗೋಯ್ತು ಕಣಪ್ಪ, ನೀನೇ ಪೋಸ್ಟ್ ಮಾಸ್ಟ್ರು" ಅನ್ನುವುದು ನಮ್ಮನೆವರೆಗೂ ಕೇಳಿಸುತ್ತಿತ್ತು. ಅಪ್ಪ ಸೊಟ್ಟಬಾಯಲ್ಲಿ ನಗುತ್ತಿದ್ದರು. ಅವರನ್ನು ನಗಿಸಲಿಕ್ಕೆ ಅಷ್ಟು ಜೋರಾಗಿ ಹೇಳುತ್ತಿದ್ದರು ಅಂತ ಕಾಣುತ್ತೆ.

ಸಂಜೆ ಬೀಗದಕೈ ಇಸಿದುಕೊಳ್ಳಲು ಹೋದರೆ "ಬನ್ನಿ ಉಷಾ, ಡಿಕಾಕ್ಷನ್ ಇಳಿಸಿದ್ದೀನಿ, ಒಂದ್ ಲೋಟ ಕಾಫಿ" ಅನ್ನುವರು. "ಇನ್ನೊಂದ್ಸಲ ಜಯಕ್ಕ, ಕುಕ್ಕರ್ ಇಡಬೇಕು" ಅನ್ನುವೆ ನಾನು. ಹನ್ನೊಂದು ಮನೆಯವರು ದಿನಾ ಆ ಬಾಗಿಲಿಗೆ ಹೋಗುತ್ತಿದ್ದೆವು. ಹೊಸ್ತಿಲು ದಾಟಿ ಒಳಗೆ ಕೂತವರು ಯಾರೂ ಇಲ್ಲ. ಮೂರನೇ ವರ್ಷ ಅವರಮ್ಮ ತೀರಿಕೊಂಡಾಗ ಎಲ್ಲಾ ಹೋದೆವು, ಒಂದೊಂದು ಹಾರ ತಗೊಂಡು. ಹದಿನೈದು ದಿನಕ್ಕೆ ಮತ್ತೆ ಅದೇ ಬಾಗಿಲು, ಅದೇ 'ಇನ್ನೊಂದ್ಸಲ'.

ಅವರಾಗಿ ನನ್ನ ಗೇಟಿಗೆ ಬಂದದ್ದು ಅಷ್ಟು ವರ್ಷದಲ್ಲಿ ಒಂದೇ ಸಲ. "ಉಷಾ, ಎರಡು ಗಂಟೆ ಅಪ್ಪನ ಹತ್ರ ಕೂತ್ಕೊತೀರಾ? ಕಣ್ಣು ಯಾಕೋ ಸರಿಯಿಲ್ಲ, ಪಕ್ಕದ್ದು ಕಾಣ್ಸಲ್ಲ. ಡಾಕ್ಟ್ರಿಗೆ ತೋರಿಸ್ಕೊಂಡ್ ಬಂದ್ಬುಡ್ತೀನಿ." ನನ್ನ ಆಫೀಸಿನಲ್ಲಿ ಆಡಿಟ್ ನಡೀತಿತ್ತು. "ಶನಿವಾರ ಗ್ಯಾರಂಟಿ ಕೂರ್ತೀನಿ ಜಯಕ್ಕ" ಅಂದೆ. "ಅರ್ಜೆಂಟೇನಿಲ್ಲ ಬುಡಿ" ಅಂದರು.

ಶನಿವಾರ ನಮ್ಮ ನಾದಿನಿ ಮನೆಯ ಗೃಹಪ್ರವೇಶ. ಕಣ್ಣಿನ ವಿಷಯ ನನ್ನ ತಲೆಯಲ್ಲೇ ಇರಲಿಲ್ಲ, ದೇವರಾಣೆ. ರೇಷ್ಮೆ ಸೀರೆ ಉಟ್ಟುಕೊಂಡು, ಬೀಗದಕೈ ಹಿಡಿದುಕೊಂಡು ನೇರ ಅವರ ಬಾಗಿಲಿಗೇ ಹೋದೆ. ಜಯಕ್ಕ ತಲೆ ಬಾಚಿ, ಒಳ್ಳೆ ಸೀರೆ ಉಟ್ಟು, ಹೆಗಲಿಗೆ ಬ್ಯಾಗ್ ಹಾಕಿಕೊಂಡು ನಿಂತಿದ್ದರು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಬೀಗದಕೈ ಇಸಿದುಕೊಂಡು ಮೊಳೆಗೆ ಹಾಕಲು ಹೋದರು, ಅದು ತಪ್ಪಿ ನೆಲಕ್ಕೆ ಬಿತ್ತು. "ಏನ್ ಜಯಕ್ಕ, ಗುರಿ ತಪ್ತು!" ಅಂತ ನಗುತ್ತಾ ಆಟೋ ಹತ್ತಿದೆ. ಥೂ ನನ್ನ ಜನ್ಮಕ್ಕೆ.

ಅವರು ಮತ್ತೆ ಕೇಳಲಿಲ್ಲ. ಆಮೇಲಾಮೇಲೆ ಅವರಲ್ಲಿ ಒಂದು ಹೊಸ ಅಭ್ಯಾಸ ಕಂಡೆವು. ಬೀಗದಕೈಗಳ ಮೇಲೆ ಬೆರಳಾಡಿಸಿ, "ಇದು ಮೇಷ್ಟ್ರದು, ಹಲ್ಲು ಸವೆದೈತೆ. ಇದು ಉಷಾದು, ತಲೆ ದಪ್ಪ" ಅಂತ ನೋಡದೆಯೇ ತೆಗೆದುಕೊಡುವರು. ಬೀದಿಯವರೆಲ್ಲ "ಅಬ್ಬಾ, ಏನ್ ನೆನಪಿನ ಶಕ್ತಿ!" ಅಂತ ಹೊಗಳಿದ್ದೇ ಹೊಗಳಿದ್ದು.

ಹೋದ ವರ್ಷ ಅಪ್ಪನೂ ಹೋದರು. ತಿಥಿ ಮುಗಿದ ಮೇಲೆ ಅಣ್ಣ, "ಇಲ್ಲಿ ಒಬ್ಳೇ ಏನ್ ಮಾಡ್ತೀಯ, ಹೇಗೂ ನಮ್ಮನೇಲಿ ಮೊಮ್ಮಗು ನೋಡ್ಕೊಳ್ಳೋರು ಬೇಕು" ಅಂದರಂತೆ. ಹೊರಡುವ ದಿನ ಬೆಳಿಗ್ಗೆ ಜಯಕ್ಕ ಆ ಬಿಳಿ ಶೂ ಹಾಕಿಕೊಂಡು, ಕಾಂಪೌಂಡು ತಡವಿಕೊಂಡು, ಮನೆಮನೆಗೂ ಬಂದು ಬೀಗದಕೈ ವಾಪಸು ಕೊಟ್ಟರು. ನಮ್ಮನೆಗೆ ಕೊನೆಯಲ್ಲಿ ಬಂದರು. ನಮ್ಮ ಮೆಟ್ಟಿಲನ್ನು ಕಾಲಲ್ಲಿ ಹುಡುಕಿದರು.

"ಜಯಕ್ಕ, ಕಣ್ಣು?"

"ಎಡಗಣ್ಣು ಹೋಯ್ತು ಕಣಮ್ಮ. ಕಣ್ಣಿನ ಪ್ರೆಶರಂತೆ, ನರ ಒಣಗೋಗೈತಂತೆ. ಹೋದ ವಾರ ತೋರಿಸ್ದೆ, ವರ್ಷದ ಹಿಂದೆ ಬರಬೇಕಿತ್ತು ಅಂದ್ರು. ಬಲಗಣ್ಣು ಉಳಿಬೇಕಾದ್ರೆ ಮೂರು ತಿಂಗಳಿಗೊಂದ್ಸಲ ತೋರಿಸ್ಲೇಬೇಕಂತೆ."

ಅತ್ತುಬಿಟ್ಟೆ ನಾನು. ಅವರೇ ನನ್ನ ಕೈ ಹುಡುಕಿ ಹಿಡಿದುಕೊಂಡರು. "ನೀವ್ಯಾಕಳ್ತೀರಿ ಬುಡಿ. ಅರ್ಜೆಂಟಿಲ್ಲ ಅಂದೋಳು ನಾನೇ ಅಲ್ವಾ?" ಆಮೇಲೆ ಸೆರಗಿನ ಗಂಟು ಬಿಚ್ಚಿ ಒಂದು ಬೀಗದಕೈ ತೆಗೆದರು. "ನಮ್ಮನೇದು. ನಿಮ್ಮ ಹತ್ರ ಇರ್ಲಾ? ತೊಂದ್ರೆ ಇಲ್ಲ ತಾನೇ?"

ನಮ್ಮ ಬೀದಿಯಲ್ಲಿ ಹಾಗೆ ಕೇಳಿ ಬೀಗದಕೈ ಕೊಟ್ಟವರು ಅವರೊಬ್ಬರೇ.

ಅದನ್ನು ನಮ್ಮ ಬಾಗಿಲ ಪಕ್ಕ ಒಂದು ಮೊಳೆಗೆ ಹಾಕಿದ್ದೇನೆ. ಎಂಟು ತಿಂಗಳಾಯಿತು. ವಾರಕ್ಕೊಮ್ಮೆ ಹೋಗಿ ಕಸ ಗುಡಿಸಿ ಬರುತ್ತೇನೆ. ಈಗ ಆ ಮನೆಯೊಳಗೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಕಾಫಿಗೆ ಕರೆಯುವವರಿಲ್ಲ. ಕೊರಿಯರಿನವರು ಇನ್ನೂ ರೂಢಿಯ ಮೇಲೆ ಅಲ್ಲೇ ಬೆಲ್ ಒತ್ತಿ, ಕಾದು, ನನಗೆ ಫೋನ್ ಮಾಡುತ್ತಾರೆ.

ನಿನ್ನೆ ಗುಡಿಸುವಾಗ ಗೋಡೆಯ ಮೇಲಿನ ಹನ್ನೊಂದು ಖಾಲಿ ಮೊಳೆ ನೋಡಿ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಜಯಕ್ಕನ ಮೊಬೈಲಿಗೆ ಮಾಡಿದೆ. ಅಣ್ಣನ ಸೊಸೆ ಎತ್ತಿದಳು. "ಜಯತ್ತೆ ಮಗೂಗೆ ಸ್ನಾನ ಮಾಡಿಸ್ತಾ ಇದಾರೆ ಆಂಟಿ. ಆಮೇಲೆ ಮಾಡಿ, ಹೇಗೂ ಮನೇಲೇ ಇರ್ತಾರಲ್ಲ."

"ಕಣ್ಣು ತೋರಿಸಿದ್ರಾ ಮತ್ತೆ?"

"ಇಲ್ಲ ಆಂಟಿ. ಕರ್ಕೊಂಡ್ ಹೋಗೋಕೆ ಯಾರಿಗೂ ರಜಾ ಸಿಗ್ತಿಲ್ಲ. ಅತ್ತೇನೇ ಅಂದ್ರು, ಅರ್ಜೆಂಟೇನಿಲ್ಲ ಅಂತ."

"ಅರ್ಜೆಂಟಿದೆ ಕಣಮ್ಮ" ಅಂದೆ. ಖಾಲಿ ಮನೆಯಲ್ಲಿ ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ತುಂಬಾ ಅರ್ಜೆಂಟಿದೆ. ಶನಿವಾರ ನಾನು ಬರ್ತೀನಿ ಅಂತ ಹೇಳು. ಸೀರೆ ಉಟ್ಕೊಂಡು, ಬ್ಯಾಗ್ ಹಾಕ್ಕೊಂಡು ರೆಡಿಯಾಗಿರಬೇಕಂತೆ ಅಂತ ಹೇಳು."