ಹುಳಿಗಂಜಿಯ ಸೌಟು

ವಲೋಸಿಯ ಮನೆಗೆ ಯಾರೇ ಬರಲಿ, ಮೊದಲು ಒಂದು ಸೌಟು ಮೆಕ್ಕೆಜೋಳದ ಹುಳಿಗಂಜಿ, ಆಮೇಲೆ ಬೈಗುಳ. ಬಂದವರಿಗೆ ಗಂಜಿ ಕೊಡದ ಹೆಂಗಸು ಅಮೆರಿಕದ ಮೂಲನಿವಾಸಿ ಚೆರೋಕೀ ಜನರಲ್ಲೇ ಇಲ್ಲ. ಬೈಗುಳ ಮಾತ್ರ ಇವಳ ಸ್ವಂತದ್ದು. ಹಿವಾಸಿ ಹೊಳೆಯ ಆಚೆ ದಡಕ್ಕೂ ಕೇಳುವ ಗಂಟಲು. ವಲೋಸಿ ಎಂದರೆ ಕಪ್ಪೆ. ಹೆಸರಿಟ್ಟವರು ಯಾರೋ ಪುಣ್ಯಾತ್ಮರು.

ಎಪ್ಪತ್ತು ದಾಟಿದ ಮೇಲೆ ಅವಳು ಗಂಜಿ ಕಲಕುತ್ತ ಮತ್ತೆ ಮತ್ತೆ ಹೇಳುತ್ತಿದ್ದದ್ದು ತವೋದಿ ಮಾವ ತನ್ನ ಬಾಗಿಲಲ್ಲಿ ಕೂತ ನಾಲ್ಕು ದಿನಗಳ ಕಥೆಯನ್ನು.

ತವೋದಿ ಅವಳ ತಾಯಿಯ ತಮ್ಮ. ಬಿಳಿಯರು ಬೆಟ್ಟ ದಾಟಿ ಬಂದು ಹೊಲಕ್ಕೆ ಬೇಲಿ, ಊರಿಗೆ ಬೆಂಕಿ ಹಾಕುತ್ತಿದ್ದ ವರ್ಷಗಳಲ್ಲಿ ಗಡಿಯ ಯುದ್ಧ ನಡೆಸಿದವನು. ಅವನು ಏಳಿ ಎಂದರೆ ಮುನ್ನೂರು ಜನ ಎದ್ದು ದೋಣಿ ಹತ್ತುತ್ತಿದ್ದರು. ಅಂಥದೊಂದು ಕಾಳಗದಲ್ಲಿ ವಲೋಸಿಯ ಅಣ್ಣ ಅತೋಹಿ ಸತ್ತ. ಅವನನ್ನು ಕೊಂದ ಬಿಳಿಯ ಸೆರೆ ಸಿಕ್ಕ. ರಕ್ತಕ್ಕೆ ರಕ್ತ ಕೇಳುವುದೋ ಬಿಡುವುದೋ, ಅದು ಮನೆಯ ಹೆಂಗಸಿನ ಮಾತು. ತಾಯಿ ತೀರಿಹೋಗಿದ್ದಳು, ಹಾಗಾಗಿ ಆ ಮಾತು ವಲೋಸಿಯದಾಯಿತು. ಸಾಯಲಿ ಎಂದಳು.

ತವೋದಿಗೆ ಅವನು ಜೀವಂತ ಬೇಕಿತ್ತು. ಬಿಳಿಯರ ಕೋಟೆಯಲ್ಲಿ ಕೆಳಗಿನೂರಿನ ಏಳು ಹೆಂಗಸರು ಸೆರೆಯಲ್ಲಿದ್ದರು. ಇವನನ್ನು ಕೊಟ್ಟರೆ ಅವರನ್ನು ಬಿಡುತ್ತೇವೆಂದು ಹೇಳಿಕಳಿಸಿದ್ದರು. ತವೋದಿ ಬಂದು ಸೋದರಸೊಸೆಯ ಹೊಸ್ತಿಲಾಚೆ ಕೂತ.

"ಮುನ್ನೂರು ಜನಕ್ಕೆ ಹುಕುಂ ಮಾಡೋನು, ಒಳಗೆ ಬರೋಕೆ ಕಾಲಿಲ್ವಾ?" ಎಂದಳು ವಲೋಸಿ.

"ಕಾಲಿದೆ ಕಣವ್ವ. ಮನೆ ನಿಂದು."

"ಅತೋಹಿನ ಕರ್ಕೊಂಡು ಹೋದೋನು ನೀನೇ."

"ಹೌದು, ನಾನೇ. ಬೈಯಿ."

ಬೈದಳು. ಮೂರು ದಿನ ಬೈದಳು. ಅವನ ಮಂಡಿನೋವು, ಹೆಂಡತಿ ಅವನ ಗಂಟುಮೂಟೆ ಹೊರಗೆಸೆದದ್ದು, ಯಾವುದನ್ನೂ ಬಿಡಲಿಲ್ಲ. ಬೈಯುತ್ತಲೇ ಹೊತ್ತುಹೊತ್ತಿಗೆ ಗಂಜಿ ಕೊಟ್ಟಳು. ಊರ ಗಂಡಸರು ದೂರ ನಿಂತು ನಗು ತಡೆದುಕೊಂಡರು. ಮಳೆ ಬಂದರೂ ಅವನು ಏಳಲಿಲ್ಲ.

ನಾಲ್ಕನೆಯ ದಿನ ಅವಳ ಗಂಟಲೇ ಸೋತಿತು. ಆಗ ಅವನು ಬಾಯಿಬಿಟ್ಟ.

"ನಾನು ಹುಟ್ಟಿಸಿದ ಮಕ್ಕಳು ಅವರಮ್ಮನ ಕುಲದೋರು. ನನ್ನ ಕುಲದೋನು, ನನ್ನೋನು ಅಂತ ಬಿಲ್ಲು ಹಿಡಿಯೋದು ಕಲಿಸಿದ್ದು ಅತೋಹಿಗೇ ಕಣವ್ವ." ಅವನ ಕಣ್ಣಲ್ಲಿ ನೀರು ಕಂಡದ್ದು ಅವಳಿಗೆ ಅದೇ ಮೊದಲು.

"ನಾನು ಆಗಲ್ಲ ಅಂದ್ರೆ?"

"ಆಗಲ್ಲ ಅಂದ್ರೆ ಆಗಲ್ಲ. ಆ ಏಳು ಜನರ ತಾಯಂದ್ರಿಗೆ ನಾನೇ ಹೋಗಿ ಹೇಳ್ತೀನಿ."

ವಲೋಸಿ ಸೆರೆಯವನನ್ನು ಕರೆಸಿದಳು. ಸೌಟು ತುಂಬ ಗಂಜಿ ಬಡಿಸಿದಳು. ಅವಳ ಒಲೆಯ ಗಂಜಿ ಕುಡಿದವನನ್ನು ಇನ್ನು ಯಾರೂ ಮುಟ್ಟುವಂತಿರಲಿಲ್ಲ. ಎಂಟು ದಿನಕ್ಕೆ ಏಳು ಹೆಂಗಸರೂ ದೋಣಿಯಲ್ಲಿ ಬಂದಿಳಿದರು. ಅಣ್ಣ ಸತ್ತ ಸಂಕಟ ಅವಳನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ ಆ ನಾಲ್ಕು ದಿನ ನೆನೆದರೆ ಮುದುಕಿಯ ಮುಖ ಅರಳುತ್ತಿತ್ತು. ಎಂಥ ಕಾಲ, ಎಂಥ ಮಾವ!

ತವೋದಿ ಸತ್ತು ಎಷ್ಟೋ ವರ್ಷಗಳ ಮೇಲೆ, ವಲೋಸಿಯ ತಂಗಿಯ ಮಗ ಗಲೇಗಿ ಒಂದು ಮಧ್ಯಾಹ್ನ ಬಂದ. ಈಗ ಅವನು ಚೆರೋಕೀ ಸಭೆಯ ದೊಡ್ಡ ಮನುಷ್ಯ. ಮೈಮೇಲೆ ಬಿಳಿಯರ ಕೋಟು, ಕೈಯಲ್ಲಿ ಕಾಗದ. ಸೀದಾ ಒಳಗೆ ಬಂದು ಒಲೆಯ ಪಕ್ಕ ಕೂತ.

"ಇನ್ಮೇಲೆ ಎಲ್ಲಾ ಕಾಗದದ ಮೇಲೆ ದೊಡ್ಡಮ್ಮ. ರಕ್ತದ ಲೆಕ್ಕ ಗಿಕ್ಕ ಮುಗೀತು. ಗಂಡಸರು ಸೇರಿ ನಾಯಕರನ್ನ ಆರಿಸ್ತೀವಿ, ಅವರು ಹೇಳಿದ್ದೇ ಕಾನೂನು."

"ಯಾವ ಹೆಂಗಸನ್ನ ಕೇಳಿದ್ರಿ?"

ಗಲೇಗಿ ಕಣ್ಣರಳಿಸಿ ನೋಡಿದ. "ಹೆಂಗಸರನ್ನಾ? ಯಾಕೆ?"

ಅದು ಉದ್ಧಟತನವಲ್ಲ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ವಲೋಸಿ ಹೊಸ್ತಿಲಾಚೆ ಮಾವ ಕೂತಿದ್ದ ಖಾಲಿ ಜಾಗವನ್ನು ನೋಡಿದಳು. ಎತ್ತಿದ್ದ ಸೌಟನ್ನು ಹಾಗೇ ಗಡಿಗೆಗೆ ಇಳಿಸಿದಳು. ಅಂದು ಗಲೇಗಿ ಗಂಜಿ ಕುಡಿಯದೆ ಎದ್ದುಹೋದ. ಬೈಗುಳವೂ ಅವನಿಗೆ ಸಿಗಲಿಲ್ಲ.