ತಪಾಸಣೆಯ ಸಾಲಿನಲ್ಲಿ ಬಸಲಿಂಗವ್ವ

ಬಸಲಿಂಗವ್ವ ಹಾಡಹಗಲು ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡು ಕೂರುತ್ತಿದ್ದಳು. ಗುಡಗೇರಿಯಂಥ ಊರಲ್ಲಿ ಇದು ಸಣ್ಣ ಮಾತಲ್ಲ. ನಮ್ಮಲ್ಲಿ ಬೆಳಿಗ್ಗೆ ತೆರೆದ ಬಾಗಿಲು ಮುಚ್ಚುವುದು ಮಲಗುವಾಗಲೇ. ನಡುವೆ ಮುಚ್ಚಿತೆಂದರೆ ಒಳಗೆ ಜಗಳ ನಡೆದಿರಬೇಕು, ಇಲ್ಲವೇ ಯಾರಿಗೋ ಹುಷಾರಿಲ್ಲ ಎಂದೇ ಲೆಕ್ಕ. ಓಣಿಯ ಹೆಂಗಸರು ನೆಟ್ಟಗೆ ಅಡುಗೆಮನೆಗೇ ನುಗ್ಗಿ, ಗಡಿಗೆಯ ಮುಚ್ಚಳ ಸರಿಸಿ "ಇವತ್ತ ಏನ ಪಲ್ಯಾ?" ಎಂದು ಕೇಳುವ ಊರು ನಮ್ಮದು. ಬಸಲಿಂಗವ್ವನ ಮನೆಗೆ ಹೋದರೆ ಮಾತ್ರ ಕಟ್ಟೆಯ ಮೇಲೆ ನಿಂತು ಕೂಗಬೇಕಿತ್ತು. ಒಳಗಿಂದ "ಯಾರು?" ಎಂಬ ದನಿ ಬರುತ್ತಿತ್ತು. ಹೆಸರು ಹೇಳಬೇಕಿತ್ತು. ಆಮೇಲೆ ಆಕೆ ಎದ್ದು ಬಂದು ಬಾಗಿಲು ತೆಗೆದು, ಚಹಾ ಕುಡಿಸಿ, ಶೇಂಗಾ ಹೋಳಿಗೆ ಕೊಟ್ಟು, ಮಧ್ಯಾಹ್ನದ ತನಕ ಬಿಡುತ್ತಿರಲಿಲ್ಲ.

"ಇಷ್ಟೆಲ್ಲಾ ಕೊಡತಿ, ಬಾಗಲಾ ತಗದಿಡಾಕ ಏನ ಧಾಡಿಬೇ ನಿನಗ?" ಎಂದು ಒಮ್ಮೆ ಕೇಳಿದ್ದೆ.

"ನಾ ಕೊಟ್ರ ಹೊಟ್ಟಿ ತುಂಬ ಉಣ್ಣಲಿ, ಮೆಹರು. ತಾವ ಬಂದು ಮುಚ್ಚಳಾ ತಗದು ನೋಡಬಾರದು. ಕೇಳಿ ಬಂದ್ರ ಅವರಪ್ಪನ ಗಂಟೇನು ಹೋಗತೈತಿ?" ಎಂದಳು.

ನಾನು ಮೆಹರುನ್ನಿಸಾ, ಪ್ರಾಥಮಿಕ ಶಾಲೆಯ ಟೀಚರು. ನಮ್ಮ ಮನೆಗೂ ಆಕೆಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಮ್ಮ ತೀರಿಕೊಂಡ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಬಸಲಿಂಗವ್ವ. ಹಾಗಾಗಿ ನನಗೆ ಆಕೆ ದೊಡ್ಡವ್ವ. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ, ಇಳಕಲ್ಲಿನ ಸೀರೆ, ಕೊರಳಲ್ಲಿ ದಾರಕ್ಕೆ ಕಟ್ಟಿದ ಬೆಳ್ಳಿಯ ಕರಡಿಗೆ. ಮೊಟ್ಟೆಯಾಕಾರದ ಆ ಪುಟ್ಟ ಡಬ್ಬಿಯೊಳಗೆ ಆಕೆಯ ಇಷ್ಟಲಿಂಗ. ದಿನಾ ನಸುಕಿನಲ್ಲಿ ಮಿಂದು ಅದನ್ನು ಎಡಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದಳು. ದೀಕ್ಷೆಯ ದಿನ ಗುರು ಕಟ್ಟಿದ ಲಿಂಗ ಮೈ ಬಿಟ್ಟು ಅಗಲಬಾರದು, ಇನ್ನೊಬ್ಬರ ಕೈಗೆ ಹೋಗಬಾರದು ಎಂಬುದು ಆಕೆಯ ತವರಿನಲ್ಲೂ ಗಂಡನ ಮನೆಯಲ್ಲೂ ಎಲ್ಲರೂ ನಡೆಸಿಕೊಂಡು ಬಂದದ್ದು. ಗಂಡ ಸತ್ತಾಗ ಅತ್ತು ಅತ್ತು ಪ್ರಜ್ಞೆ ತಪ್ಪಿ ಬಿದ್ದವಳ ಬಲಗೈ ಆ ಕರಡಿಗೆಯ ಮೇಲೇ ಇತ್ತು. ನಾನೇ ನೋಡಿದ್ದೇನೆ.

ಆಕೆಯ ಜಿದ್ದು ಎಂಥದೆಂದು ಊರಿಗೆ ಸರಿಯಾಗಿ ಗೊತ್ತಾದದ್ದು ಎದುರುಮನೆಯ ಕಾಳು ವ್ಯಾಪಾರಿ ಶಿವಪ್ಪ ಕ್ಯಾಮೆರಾ ಕೂರಿಸಿದಾಗ. ಅವನ ಗೋದಾಮಿನಲ್ಲಿ ಕಡಲೆ ಚೀಲ ಕಳುವಾಗಿದ್ದವು, ಕೂರಿಸಿದ್ದರಲ್ಲಿ ತಪ್ಪೇನಿಲ್ಲ. ಆದರೆ ಅದರ ಕಣ್ಣು ಗೋದಾಮಿನ ಬಾಗಿಲಿನ ಜೊತೆಗೆ ಬಸಲಿಂಗವ್ವನ ಅಂಗಳವನ್ನೂ ನುಂಗುತ್ತಿತ್ತು. ಆಕೆ ಕೂದಲು ಒಣಗಿಸುವುದು, ಮೆಣಸಿನಕಾಯಿ ಆರಿಸುವುದು, ಸೊಂಟ ನೋಯುತ್ತದೆಂದು ಕಟ್ಟೆಯ ಮೇಲೆ ಅಡ್ಡಾಗುವುದು ಎಲ್ಲ ಶಿವಪ್ಪನ ಮೊಬೈಲಿನಲ್ಲಿ. ಆಕೆ ನೆಟ್ಟಗೆ ಅವನ ಅಂಗಡಿಗೆ ಹೋಗಿ ನಿಂತಳು.

"ಕಳ್ಳರ ಅಂಜಿಕಿ ನಿನಗ. ನಿನ್ನ ಬಾಗಲಾ ಕಾಯಿ. ನನ್ನ ಅಂಗಳ ಯಾಕ ಕಾಯ್ತಿ?"

"ಎಲ್ಲಾರ ಸುರಕ್ಷತಾಕ್ಕರೀ ಅವ್ವಾರ. ನೀವೇನ ಕದ್ದೀರೇನ್ರಿ, ಹೆದರಾಕ?" ಎಂದ ಶಿವಪ್ಪ ನಗುತ್ತ.

"ಕದ್ದಾಕಿ ಅಲ್ಲ, ಅದಕ್ಕ ಕೇಳಾಕ ಬಂದೀನಿ. ಕದ್ದಿದ್ರ ಸುಮ್ಮ ಇರತಿದ್ನಿ" ಎಂದವಳೇ ಮನೆಗೆ ಬಂದು, ಹೊದೆಯುವ ಕೌದಿಯೊಂದನ್ನು ತೋಯಿಸಿ, ಅಂಗಳದ ಅಂಚಿಗೆ ಗಳ ನೆಟ್ಟು, ಕ್ಯಾಮೆರಾದ ಮೂಗಿಗೇ ಬಡಿಯುವ ಹಾಗೆ ಒಣಹಾಕಿದಳು. ಅದು ಒಣಗಿದ ಮೇಲೆ ಇನ್ನೊಂದು ಕೌದಿ. ಮನೆಯ ಕೌದಿಗಳು ತೀರಿದ ಮೇಲೆ ನಮ್ಮ ಮನೆಯವೂ ಹೋದವು. ಓಣಿಯಲ್ಲಿ ಹೋಗುವವರೆಲ್ಲ ಶಿವಪ್ಪನನ್ನು ನೋಡಿ ನಗತೊಡಗಿದರು. ಕಡೆಗೆ ಅವನೇ ಏಣಿ ಹಾಕಿ ಕ್ಯಾಮೆರಾವನ್ನು ತನ್ನ ಬಾಗಿಲಿಗೆ ತಿರುಗಿಸಿದ. ಅವತ್ತು ಸಂಜೆ ದೊಡ್ಡವ್ವ ಅವನ ಮನೆಗೆ ಹೋಳಿಗೆ ಕಳಿಸಿದಳು.

ಇಂಥವಳನ್ನು ನಾನು ವಿಮಾನದಲ್ಲಿ ಕರೆದುಕೊಂಡು ಹೋಗಬೇಕಾಗಿ ಬಂತು. ಆಕೆಯ ತಂಗಿ ಶಾಂತವ್ವ ದಿಲ್ಲಿಯಲ್ಲಿದ್ದಳು. ಅವಳಿಗೆ ಹೃದಯದ ಆಪರೇಷನ್ ನಿಶ್ಚಯವಾಗಿತ್ತು. "ಅಕ್ಕನ ಮುಖ ನೋಡಿ ಒಳಗ ಹೊಕ್ಕೀನಿ" ಎಂದು ಫೋನಿನಲ್ಲಿ ಅತ್ತಿದ್ದಳು. ಮರುದಿನ ಬೆಳಿಗ್ಗೆಯೇ ಆಪರೇಷನ್, ರೈಲಿಗೆ ಹೋದರೆ ತಲುಪುವುದಿಲ್ಲ. ದೊಡ್ಡವ್ವನಿಗೆ ಹಿಂದಿ ಬರುವುದಿಲ್ಲ, ನನಗೆ ಬರುತ್ತದೆ. ಹುಬ್ಬಳ್ಳಿಯಿಂದ ಆ ದಿನಕ್ಕೆ ಸೀಟು ಸಿಗದೆ ನಾವಿಬ್ಬರೂ ಬೇರೊಂದು ದೊಡ್ಡ ಊರಿನ ವಿಮಾನ ನಿಲ್ದಾಣಕ್ಕೆ ಹೋದೆವು.

ಬಾಗಿಲಲ್ಲೇ ಕೋಟು ತೊಟ್ಟ ಸಿಬ್ಬಂದಿಯೊಬ್ಬ ಕ್ಯಾಮೆರಾದ ಕಡೆ ಕೈ ತೋರಿಸಿದ. "ಅಮ್ಮ, ಇಲ್ಲಿ ಮುಖ ತೋರಿಸಿಬಿಡಿ. ಬೇಗ ಒಳಗೆ ಹೋಗಬಹುದು."

"ತೋರಿಸಿದ ಮುಖ ಆಮ್ಯಾಲೆ ಎಲ್ಲಿ ಇರತೈತಿ?" ಎಂದಳು ದೊಡ್ಡವ್ವ.

"ಸಿಸ್ಟಮ್‌ನಲ್ಲಿ ಅಮ್ಮ."

"ಆ ಸಿಸ್ಟಮ್ ಯಾರ ಮನ್ಯಾಗ ಐತಿ?"

ಅವನಿಗೆ ನಗು ಬಂತು. "ಯಾರ ಮನೇಲೂ ಇಲ್ಲ. ಆಮೇಲೆ ಅಳಿಸಿ ಹೋಗುತ್ತೆ."

"ಅಳಿಸಿದ್ದು ನೀ ನೋಡೀಯೇನು?"

"ಇಲ್ಲ" ಎಂದ, ಪಾಪ, ಪ್ರಾಮಾಣಿಕವಾಗಿ. "ಕಡ್ಡಾಯವೇನಿಲ್ಲ ಬಿಡಿ ಅಮ್ಮ. ಟಿಕೆಟ್ಟು, ಆಧಾರ್ ತೋರಿಸಿ ಆ ಸಾಲಿನಲ್ಲೂ ಹೋಗಬಹುದು."

"ಇದನ್ನ ಮೊದಲ ಹೇಳಬೇಕಿಲ್ಲೋ ತಮ್ಮಾ, ಕಡ್ಡಾಯ ಇಲ್ಲ ಅನ್ನೂದನ್ನ?" ಎನ್ನುತ್ತ ಆಕೆ ಉದ್ದನೆಯ ಸಾಲಿಗೆ ಹೋಗಿ ನಿಂತಳು. ನಾನು ಗಡಿಯಾರ ನೋಡುತ್ತ ಹಿಂದೆ ನಿಂತೆ.

ಒಳಗೆ ಹೆಂಗಸರನ್ನು ಪರದೆಯ ಹಿಂದೆ ಒಬ್ಬೊಬ್ಬರನ್ನಾಗಿ ತಪಾಸಣೆ ಮಾಡುತ್ತಿದ್ದರು. ದೊಡ್ಡವ್ವ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಯಂತ್ರ ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ದೊಡ್ಡವ್ವನ ದನಿ: "ಮುಟ್ಟಬ್ಯಾಡ!" ನಾನು ಓಡಿಹೋಗಿ, ಇವರ ಜೊತೆಗಿದ್ದೇನೆ, ಭಾಷೆ ಗೊತ್ತಿಲ್ಲ ಎಂದು ಹೇಳಿ ಪರದೆ ಸರಿಸಿದೆ. ಆಕೆ ಎರಡೂ ಅಂಗೈಯಿಂದ ಕರಡಿಗೆ ಮುಚ್ಚಿಕೊಂಡು ಮೂಲೆಗೆ ಸರಿದು ನಿಂತಿದ್ದಳು. ಎಳೆಯ ವಯಸ್ಸಿನ ಪೇದೆಯೊಬ್ಬಳು ಕೈಕೋಲಿನ ಯಂತ್ರ ಹಿಡಿದು ಗಾಬರಿಯಾಗಿದ್ದಳು. ಡಬ್ಬಿಯನ್ನು ಬಿಚ್ಚಿ ಟ್ರೇಯಲ್ಲಿಟ್ಟು ಯಂತ್ರದೊಳಗೆ ಕಳಿಸಬೇಕು ಎಂಬುದು ಅವಳ ಮಾತು. ಅವಳದು ತಪ್ಪೆಂದು ನಾನು ಹೇಳಲಾರೆ. ಒಳಗೆ ಏನಿದೆಯೆಂದು ನೋಡದೆ ಬಿಟ್ಟು ನಾಳೆ ಏನಾದರೂ ಆದರೆ ಅವಳ ಕೊರಳಿಗೇ ಬರುವುದು.

ದೊಡ್ಡವ್ವ ನನ್ನನ್ನು ನೋಡಿದ್ದೇ ಶುರುಮಾಡಿದಳು. "ಆಕಿಗೆ ಹೇಳು. ಆಕಿ ಕೆಲಸ ಆಕಿ ಮಾಡ್ಲಿ, ಬ್ಯಾಡ ಅನ್ನಂಗಿಲ್ಲ. ನಾನೂ ಅದ ಇಮಾನದಾಗ ಕುಂಡ್ರಾಕಿ, ನನಗೂ ಜೀವದ ಆಸಿ ಐತಿ. ಆದ್ರ ಇದನ್ನ ಮಂದಿ ಚಪ್ಪಲಿ ಇಟ್ಟ ಬುಟ್ಟ್ಯಾಗ ಇಡಂಗಿಲ್ಲ. ಇನ್ನೊಬ್ಬರ ಕೈಗೂ ಕೊಡಂಗಿಲ್ಲ. ಹಿಂಗ ಅಂತ ಹೇಳು."

ನಾನು ಹಿಂದಿಯಲ್ಲಿ, ಇವರಿಗೆ ಇದನ್ನು ತೆಗೆಯುವುದು ಸ್ವಲ್ಪ ಕಷ್ಟ, ಮೆಹರಬಾನಿ ಮಾಡಿ ಬಿಡಿ ಎಂದೆ.

"ಏನಲೇ ಮೆಹರು" ಎಂದು ದೊಡ್ಡವ್ವ ನನ್ನ ಮೇಲೇ ತಿರುಗಿದಳು. "ನಾ ಇಷ್ಟುದ್ದ ಮಾತಾಡೇನಿ, ನೀ ಒಂದ ಗುಟಕಿಗೆ ಮುಗಿಸಿದೆಲ್ಲ! ಮ್ಯಾಲ ಮೆಹರಬಾನಿ ಅಂತ ಬ್ಯಾರೆ ಸೇರಿಸಿದಿ. ನಾ ಯಾವ ಮೆಹರಬಾನಿ ಕೇಳಿಲ್ಲ. ಹೇಳಿದ್ದನ್ನ ಹೇಳು."

ಹೇಳಿದ್ದನ್ನೇ ಹೇಳಿದೆ. ಪರದೆಯ ಆಚೆಯಿಂದ ಮೇಲ್ವಿಚಾರಕನೊಬ್ಬ, ನಿಯಮ ಎಲ್ಲರಿಗೂ ಒಂದೇ, ಬಿಚ್ಚದಿದ್ದರೆ ವಾಪಸ್ಸು ಹೋಗಲಿ ಎಂದು ಕೂಗಿದ. ಅಷ್ಟರಲ್ಲಿ ನಮ್ಮ ವಿಮಾನದ ಹೆಸರು ಹೇಳಿ ಕರೆಯತೊಡಗಿದರು. "ಒಂದ ಕ್ಷಣ ಬಿಚ್ಚಿ ಕೊಡಬೇ ದೊಡ್ಡವ್ವ. ನಿನ್ನ ಕಣ್ಣ ಮುಂದ ಹೋಗಿ ಬರತೈತಿ. ಶಾಂತಕ್ಕ ಅಲ್ಲಿ ದಾರಿ ಕಾಯಾಕತ್ತಾಳ" ಎಂದು ಗೋಗರೆದೆ.

ಆಕೆಯ ಕಣ್ಣು ತುಂಬಿದವು. ಶಾಂತವ್ವನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳು. ದನಿ ಮಾತ್ರ ಬಗ್ಗಲಿಲ್ಲ. "ಹೋಗಲಾರದ ಹೋದ್ರ ಶಾಂತಿ ನನ್ನ ಬೈತಾಳ, ಬೈಸ್ಕೊಂತೀನಿ. ಇದನ್ನ ಕೊಟ್ಟು ಹೋದೆ ಅಂತ ಗೊತ್ತಾದ್ರ ಆಕಿ ನನ್ನ ಮುಖಾ ನೋಡೂದಿಲ್ಲ" ಎಂದಳು. ಕಣ್ಣೊರೆಸಿಕೊಂಡು ತಾನೇ ದಾರಿ ತೆಗೆದಳು. "ಈ ಡಬ್ಬಿ ಅಕ್ಕಸಾಲಿ ಮಾಡಿದ್ದು. ಇದನ್ನ ಎಷ್ಟ ಸಲ ಬೇಕಾರ ಮಿಶಿನ್ಯಾಗ ಹಾಕ್ರಿ, ನನ್ನ ತಕರಾರಿಲ್ಲ. ಒಳಗಿಂದು ನನ್ನ ಅಂಗೈಯಾಗ ಇರತೈತಿ. ಆಕಿ ಕಣ್ಣಿಲೆ ನೋಡ್ಲಿ, ಆ ಕೋಲು ಮ್ಯಾಲಿಂದ ಆಡಸ್ಲಿ. ಕೈ ಹಚ್ಚಬಾರದು. ಗಂಡಸ್ರು ಆಚೀಕ ಇರಬೇಕು."

ಈ ಸಲ ಒಂದಕ್ಷರವನ್ನೂ ನುಂಗದೆ ಹಿಂದಿಗೆ ತಂದೆ. ಗದ್ದಲ ಕೇಳಿ ಬಂದಿದ್ದ ಹಿರಿಯ ಮಹಿಳಾ ಅಧಿಕಾರಿಯೊಬ್ಬರು ಪೂರ್ತಿ ಕೇಳಿಸಿಕೊಂಡರು. ಮೇಲ್ವಿಚಾರಕನಿಗೆ ದೂರ ಹೋಗಲು ಹೇಳಿ ಪರದೆ ಎಳೆದರು. ದೊಡ್ಡವ್ವ ಕರಡಿಗೆ ತೆರೆದು ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಖಾಲಿ ಡಬ್ಬಿ ಯಂತ್ರದೊಳಗೆ ಹೋಯಿತು. ಪೇದೆ ಕೋಲನ್ನು ಆಕೆಯ ಅಂಗೈ ಮೇಲೆ ಆಡಿಸಿದಳು. ಯಂತ್ರ ಸದ್ದು ಮಾಡಲಿಲ್ಲ. ಆ ಹುಡುಗಿ ತನಗೆ ಗೊತ್ತಿಲ್ಲದೆಯೇ ಕೈಕೋಲು ಬಗಲಿಗಿಟ್ಟು ಕೈ ಮುಗಿದಳು. "ಎಷ್ಟ ಸರಳ ಇತ್ತ ನೋಡು" ಎಂದು ದೊಡ್ಡವ್ವ ಸೆರಗು ಸರಿಮಾಡಿಕೊಂಡಳು.

ನನ್ನ ತಪಾಸಣೆಯೂ ಮುಗಿದದ್ದೇ ವಿಮಾನ ಹತ್ತುವ ಬಾಗಿಲಿಗೆ ಓಡಿದೆವು. ಅಲ್ಲಿ ಕೆಲವರನ್ನು ಆರಿಸಿ ಮತ್ತೊಮ್ಮೆ ತಪಾಸಣೆ ಮಾಡುತ್ತಿದ್ದರು. ನನ್ನ ಟಿಕೆಟ್ಟು ನೋಡಿ ನನ್ನನ್ನು ಬದಿಗೆ ಕರೆದರು. ಹೆಸರು ನೋಡಿ ಕರೆದರೋ, ಕಣ್ಣು ಮುಚ್ಚಿ ಚೀಟಿ ಎತ್ತಿದ ಹಾಗೆ ಕರೆದರೋ ನನಗೆ ಗೊತ್ತಿಲ್ಲ. ಹಿಂದೆಯೂ ಹೀಗಾಗಿತ್ತು. ಅದು ಗೊತ್ತಾಗದಿರುವುದೇ ಮೈಮೇಲೆ ಮುಳ್ಳಾಡಿಸಿದ ಹಾಗೆ. ಕೇಳಿದರೆ ಎಲ್ಲಿ ಇನ್ನಷ್ಟು ತಡವಾಗುತ್ತದೋ, ಎಲ್ಲಿ ಇನ್ನೇನು ಅಂದುಕೊಳ್ಳುತ್ತಾರೋ ಎಂದು ಬಾಯಿ ಮುಚ್ಚಿಕೊಂಡು ಕೈ ಚಾಚಿ ನಿಲ್ಲುವುದು ನನಗೆ ರೂಢಿಯಾಗಿತ್ತು. ಅವತ್ತೂ ಹಾಗೇ ನಿಂತೆ.

"ಯಾಕ? ಆಗಲೇ ನೋಡಿದ್ರಲ್ಲ?" ಎಂದಳು ದೊಡ್ಡವ್ವ.

"ಹಂಗ ಇರತೈತಿಬೇ. ನೀ ನಡಿ, ಬಂದೆ."

"ಯಾರಿಗೆ ಹಂಗ ಇರತೈತಿ? ನನಗ್ಯಾಕ ಇಲ್ಲ? ಡಬ್ಬಿ ಸಲುವಾಗಿ ಅಷ್ಟ ದಾಂಧಲೆ ಮಾಡಿದಾಕಿ ನಾನು. ಚಕಾರ ಎತ್ತಲಾರದಾಕಿ ನೀನು. ನಿನ್ನ ಯಾಕ ಕರದ್ರು?"

ದೊಡ್ಡವ್ವ ಚೀಲವನ್ನು ನೆಲಕ್ಕಿಟ್ಟು, ಸಾಲು ಬಿಟ್ಟು ನನ್ನ ಹಿಂದೆ ಬಂದು, ಎರಡೂ ಕೈ ಅಗಲಿಸಿ ನಿಂತಳು. "ಹಂಗಾರ ನನ್ನೂ ನೋಡ್ರಿ" ಎಂದಳು. ಅಲ್ಲಿದ್ದ ಹೆಂಗಸು, ನಿಮ್ಮದು ಆಗಿದೆ, ಹೋಗಿ ಎಂದು ಸನ್ನೆ ಮಾಡಿದಳು. "ಆಕೀದೂ ಆಗಿತ್ತು" ಎಂದು ದೊಡ್ಡವ್ವ ಕನ್ನಡದಲ್ಲೇ ಹೇಳಿ ಕದಲಲಿಲ್ಲ. ಕಡೆಗೆ ಆಕೆಯನ್ನೂ ತಪಾಸಣೆ ಮಾಡಬೇಕಾಯಿತು. ಕೇಳದೆ ಬಂದವರನ್ನು ಹತ್ತಿರ ಸೇರಿಸದ ಆ ಹೆಂಗಸು ನನ್ನ ಸಲುವಾಗಿ ಎರಡನೆಯ ಸಲ ಮೈ ಮುಟ್ಟಿಸಿಕೊಂಡಳು. ವಿಮಾನದಲ್ಲಿ ಕೂತ ಮೇಲೆ ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಆಕೆ ಚೀಲದಿಂದ ಚುರುಮುರಿ ತೆಗೆದು ನನ್ನ ತೊಡೆಯ ಮೇಲಿಟ್ಟಳು.

ಸಂಜೆಯ ಹೊತ್ತಿಗೆ ಶಾಂತವ್ವ ಅಕ್ಕನ ಮುಖ ನೋಡಿದಳು. ಮರುದಿನದ ಆಪರೇಷನ್ನೂ ಸುಸೂತ್ರವಾಯಿತು. ದೊಡ್ಡವ್ವ ಆಸ್ಪತ್ರೆಯಲ್ಲೂ ಸುಮ್ಮನಿರಲಿಲ್ಲ. ಕೇಳದೆ ಪರದೆ ಸರಿಸಿದ ವಾರ್ಡ್‌ಬಾಯ್‌ನನ್ನು ಕನ್ನಡದಲ್ಲಿ ಬೈದು, ಅವನು ಹೊರಗೆ ಹೋಗಿ ಕೆಮ್ಮಿ ಒಳಗೆ ಬರುವ ಹಾಗೆ ಮಾಡಿದಳು.

ಹೋದ ಚಳಿಗಾಲದಲ್ಲಿ ಬಸಲಿಂಗವ್ವ ತೀರಿಕೊಂಡಳು. ಜ್ವರ ಬಂದು ಮಲಗಿದವಳು ಏಳಲಿಲ್ಲ. ಈಗ ಆ ಮನೆಯಲ್ಲಿ ಆಕೆಯ ಮೈದುನನ ಮಗ ಸಂಸಾರ ಮಾಡಿಕೊಂಡಿದ್ದಾನೆ. ಗೋಡೆಯ ಆಚೆಯಿಂದ ಟಿವಿಯ ಸದ್ದು ಕೇಳುತ್ತದೆ. ನನಗೆ ಅದು ಇನ್ನೂ ರೂಢಿಯಾಗಿಲ್ಲ.

ಈ ಬೇಸಿಗೆಯ ರಜೆಯಲ್ಲಿ ಶಾಂತಕ್ಕನನ್ನು ನೋಡಲು ನಾನೊಬ್ಬಳೇ ದಿಲ್ಲಿಗೆ ಹೊರಟೆ. ಅದೇ ನಿಲ್ದಾಣ. ಮೊದಲ ತಪಾಸಣೆ ಮುಗಿಸಿ ವಿಮಾನ ಹತ್ತುವ ಬಾಗಿಲಿಗೆ ಬಂದಾಗ ಟಿಕೆಟ್ಟು ನೋಡಿದವಳು ನನ್ನನ್ನು ಬದಿಗೆ ಬರಲು ಹೇಳಿದಳು. ನನ್ನ ಕೈಗಳು ತಾವಾಗಿಯೇ ಮೇಲೇಳತೊಡಗಿದವು. ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಯಾರೋ ಅಪರಿಚಿತರು ಮೊಬೈಲು ನೋಡುತ್ತ ನಿಂತಿದ್ದರು.

ಕೈ ಇಳಿಸಿದೆ. "ನನ್ನನ್ನೇ ಯಾಕೆ?" ಎಂದು ಹಿಂದಿಯಲ್ಲಿ ಕೇಳಿದೆ.

"ಸುಮ್ಮನೆ ಯಾರನ್ನಾದರೂ ಕರೆಯುತ್ತೇವೆ, ಮೇಡಂ."

"ಆರಿಸುವವರು ಯಾರು?"

ಅವಳು ಟಿಕೆಟ್ಟಿನಿಂದ ಕಣ್ಣೆತ್ತಿ ನನ್ನನ್ನು ನೋಡಿದಳು. ಹಿಂದಿನವರು, ತಡವಾಗುತ್ತಿದೆ, ಬೇಗ ಮುಗಿಸಿ ಎಂದು ಗೊಣಗಿದರು.

"ತಪಾಸಣೆ ಮಾಡಿ, ಬೇಡವೆನ್ನುವುದಿಲ್ಲ" ಎಂದೆ. "ಮೊದಲು ಕೇಳಿದ್ದಕ್ಕೆ ಉತ್ತರ ಕೊಡಿ."

ಅವಳು ಮೇಲಿನವರನ್ನು ಕರೆಯಲು ವೈರ್‌ಲೆಸ್ ಕೈಗೆತ್ತಿಕೊಂಡಳು. ಯಾರೇ ಬರಲಿ ಎಂದು ನಾನು ಎದೆಯ ಮೇಲೆ ಕೈ ಕಟ್ಟಿಕೊಂಡು ಅಲ್ಲೇ ನಿಂತೆ.