ಯಲಬುರ್ಗಾ ಸುತ್ತಿ ಗಂಗಾವತಿ ಸಮ್ಮೇಳನಕ್ಕೆ

ಕುಷ್ಟಗಿಯಿಂದ ಗಂಗಾವತಿಗೆ ಹೋಗುವವರು ತಾವರಗೇರಾ, ಕನಕಗಿರಿ ಹಾದು ಹೋಗುತ್ತಾರೆ. ಬಸ್ಸು ಎಲ್ಲೂ ಕೈಕೊಡದಿದ್ದರೆ ಎರಡು ತಾಸಿನ ದಾರಿ. ನಾನು ಜನವರಿಯ ಒಂದು ಬುಧವಾರ ಬೆಳಿಗ್ಗೆ ಏಳೂವರೆಗೆ ಹತ್ತಿದ್ದು ಯಲಬುರ್ಗಾ ಬಸ್ಸು. ಇದೇನು ಊರು ಸುತ್ತಿ ಹೋಗುತ್ತೀ ಎಂದು ಅಮ್ಮ ಕೇಳಿದಾಗ ಆ ಕಡೆ ರಸ್ತೆ ಚೆನ್ನಾಗಿದೆ ಎಂದಿದ್ದೆ. ಅದು ಶುದ್ಧ ಸುಳ್ಳು. ಅಮ್ಮ ನಂಬಲಿಲ್ಲ, ಆದರೆ ನಾಲ್ಕು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟಳು.

ನಾನು ಕುಷ್ಟಗಿಯ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಜ್ಞಾನ ಕಲಿಸುತ್ತೇನೆ. ಗಂಗಾವತಿಯ ಕಾಲೇಜೊಂದರಲ್ಲಿ ಗುರುವಾರ, ಶುಕ್ರವಾರ ಎರಡು ದಿನದ ಸಮ್ಮೇಳನವಿತ್ತು. ಕಂಪ್ಯೂಟರ್ ಆಟಗಳಿಂದ ಮಕ್ಕಳು ಹೇಗೆ ಕಲಿಯುತ್ತಾರೆ ಎಂಬುದೇ ಅದರ ವಿಷಯ. ಅಲ್ಲಿ ನನ್ನದೊಂದು ಪ್ರಬಂಧ ಒಪ್ಪಿಗೆಯಾಗಿತ್ತು, ಅತ್ಯುತ್ತಮ ಪ್ರಬಂಧದ ಪಟ್ಟಿಯಲ್ಲೂ ಹೆಸರು ಬಂದಿತ್ತು. ಸಂತೋಷಪಡಬೇಕಾದವಳು ಹದಿನೈದು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕಾರಣ ಹೇಳುತ್ತೇನೆ.

ಐದನೆಯ ತರಗತಿಯ ಮಕ್ಕಳಿಗಾಗಿ ನಾನೊಂದು ಭಿನ್ನರಾಶಿಯ ಆಟ ಮಾಡಿದ್ದೆ. ಟ್ಯಾಬ್ಲೆಟ್ಟಿನ ಮೇಲೆ ಒಂದು ಖಾಲಿ ಕೊಡ, ಪಕ್ಕದಲ್ಲಿ ಅರ್ಧ, ಕಾಲು, ಅರೆಕಾಲು ಅಳತೆಯ ತಂಬಿಗೆಗಳು. ಸರಿಯಾಗಿ ಕೂಡಿಸಿ ಹತ್ತು ಕೊಡ ತುಂಬಿದರೆ ಹಸಿರು ಗುಂಡಿಯೊಂದು ಕಾಣಿಸುತ್ತದೆ. ಅದನ್ನು ಒತ್ತಿದರೆ ಆಟ ಮುಗಿಯಿತು. ಮಗು ಎದ್ದು ಹೋಗಿ ಟ್ಯಾಬ್ಲೆಟ್ಟನ್ನು ಪೆಟ್ಟಿಗೆಯಲ್ಲಿಟ್ಟು ಬರಬೇಕು. ಯಲಬುರ್ಗಾ ಹತ್ತಿರದ ಹಳ್ಳಿಯೊಂದರ ಸರಕಾರಿ ಶಾಲೆಯ ಶರಣಪ್ಪ ಮಾಸ್ತರರು ಇದನ್ನು ಆರು ವಾರ ಆಡಿಸಿ ದಾಖಲೆಗಳನ್ನು ನನಗೆ ಕಳಿಸಿದರು. ನೋಡಿದರೆ ಆಶ್ಚರ್ಯ! ಒಂದು ಸಾಲಿನಲ್ಲಿ ಕುಳಿತ ನಾಲ್ಕು ಮಕ್ಕಳೂ, ಜಾಣರಿರಲಿ ನಿಧಾನದವರಿರಲಿ, ದಿನವೂ ಐದಾರು ಸೆಕೆಂಡುಗಳ ಅಂತರದಲ್ಲಿ ಆಟ ಮುಗಿಸಿದ್ದರು. ಹಿಂದುಳಿದ ಮಗುವನ್ನು ಮುಂದಿನ ಮಗುವಿನ ಸಮಕ್ಕೆ ತರುವ ಆಟ ಎಂದು ಹನ್ನೆರಡು ಪುಟ ಬರೆದುಬಿಟ್ಟೆ.

ಪ್ರಬಂಧ ಓದಿದ ಪರಿಶೀಲಕರಲ್ಲಿ ಒಬ್ಬರು ಹೊಗಳಿದರು. ಇನ್ನೊಬ್ಬರು ಬರೆದದ್ದು ಒಂದೇ ಸಾಲು: ಈ ಮಕ್ಕಳು ಆಡುವುದನ್ನು ನೀವು ಕಣ್ಣಾರೆ ನೋಡಿದ್ದೀರಾ? ನೋಡಿರಲಿಲ್ಲ. ಟ್ಯಾಬ್ಲೆಟ್ಟುಗಳನ್ನು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ್ದೆ, ಲೆಕ್ಕ ಮೊಬೈಲಿಗೆ ಬಂದಿತ್ತು. ಆ ಸಾಲು ಓದಿದ ಗಳಿಗೆಯಿಂದ ಒಂದು ಅನುಮಾನ ತಲೆಯಲ್ಲಿ ಕುಳಿತಿತು. ಮಾಸ್ತರರೇ ಎಲ್ಲ ಟ್ಯಾಬ್ಲೆಟ್ಟುಗಳನ್ನು ಎದುರಿಗಿಟ್ಟುಕೊಂಡು ಪಟಪಟನೆ ಗುಂಡಿ ಒತ್ತಿರಬಹುದೇ? ದಿನಕ್ಕೆ ಹತ್ತು ನಮೂನೆ ತುಂಬುವ ಜನ, ಹನ್ನೊಂದನೆಯದು ಕಷ್ಟವೇ? ತಾ ಕಳ್ಳಿ ಪರರ ನಂಬಳು ಎನ್ನುತ್ತಾರೆ; ನಾನೂ ಓದುವಾಗ ಗೆಳತಿಯ ಪ್ರಯೋಗದ ಪುಸ್ತಕ ನೋಡಿಯೇ ಅಂಕ ಗಳಿಸಿದವಳು. ಹೊಗಳಿಕೆ ಮಾತ್ರ ಬಾಯೊಳಗಿನ ಬಿಸಿ ತುಪ್ಪವಾಗಿತ್ತು, ಉಗುಳುವಂತಿಲ್ಲ ನುಂಗುವಂತಿಲ್ಲ. ಅದಕ್ಕೇ ಈ ಸುತ್ತು ದಾರಿ.

ಯಲಬುರ್ಗಾ ಕಡೆ ಎರೆಹೊಲಗಳಲ್ಲಿ ಬಿಳಿಜೋಳ ತೆನೆ ಬಿಟ್ಟಿತ್ತು. ಕಡಲೆ ಹೊಲಗಳ ನಡುವೆ ಗಾಳಿಯಂತ್ರಗಳು ಸಾವಕಾಶ ತಿರುಗುತ್ತಿದ್ದವು. ಚಳಿ ಇನ್ನೂ ಬಿಟ್ಟಿರಲಿಲ್ಲ, ಬಸ್ಸಿನ ಕಿಟಕಿಯೊಂದು ಮುಚ್ಚುತ್ತಿರಲಿಲ್ಲ, ಆ ಕಿಟಕಿ ನನ್ನದೇ. ಯಲಬುರ್ಗಾದಿಂದ ಹಳ್ಳಿಗೆ ಆರೇಳು ಕಿಲೋಮೀಟರು, ಶೇರ್ ಆಟೋಕ್ಕೆ ಇಪ್ಪತ್ತು ರೂಪಾಯಿ. ಹಳ್ಳಿಯ ಹೆಸರು ಬರೆಯುವುದಿಲ್ಲ, ಮಾಸ್ತರರಿಗೆ ಹಾಗೆಂದು ಮಾತು ಕೊಟ್ಟಿದ್ದೇನೆ.

ಶರಣಪ್ಪ ಮಾಸ್ತರರು ಐವತ್ತು ದಾಟಿದ, ಸಣಕಲು ಮೈಯ ಮನುಷ್ಯ. ತರಬೇತಿಯೊಂದರಲ್ಲಿ ಪರಿಚಯವಾದವರು. ನನ್ನನ್ನು ನೋಡಿ ಅಚ್ಚ ಬಿಳುಪಿನ ಗೋಡೆಗೆ ಒರಗಿಸಿದ್ದ ಕುರ್ಚಿ ತಂದು ಹಾಕಿದರು.

“ಸಮ್ಮೇಳನ ನಾಳೆ ಅಲ್ಲೇನ್ರಿ ಮೇಡಂ? ಇತ್ಲಾಗ ಹೆಂಗ ಬಂದ್ರಿ?”

“ದಾರ್ಯಾಗ ಇತ್ತಲ್ರಿ ಸರ್, ಮಕ್ಕಳನ್ನ ನೋಡ್ಕೊಂಡ ಹೋಗೋಣ ಅಂತ ಬಂದೆ. ತೋರಿಸಾಕ ನಾಕು ಟ್ಯಾಬ್ಲೆಟ್ಟೂ ಬೇಕಾಗಿದ್ವು” ಎಂದೆ.

“ಭಾಳ ಛಲೋ ಆತು ಬಿಡ್ರಿ” ಎಂದರು. ಮುಖದಲ್ಲಿ ಏನೂ ಕಾಣಲಿಲ್ಲ.

ಎರಡನೆಯ ಪಿರಿಯಡ್ಡಿನಲ್ಲಿ ಮಕ್ಕಳು ಜಮಖಾನೆಯ ಮೇಲೆ ನಾಲ್ಕು ನಾಲ್ಕು ಜನರ ಸಾಲಾಗಿ ಕುಳಿತರು. ನಾನು ಮೊದಲ ಸಾಲಿನ ಹಿಂದೆ ನಿಂತೆ. ತುದಿಯಲ್ಲಿದ್ದ ರೇಷ್ಮಾ ಎಂಬ ಹುಡುಗಿ ಒಂಬತ್ತೇ ನಿಮಿಷದಲ್ಲಿ ಹತ್ತು ಕೊಡ ತುಂಬಿದಳು. ಹಸಿರು ಗುಂಡಿ ಬಂತು. ಒತ್ತುತ್ತಾಳೆ ಎಂದು ನೋಡಿದೆ, ಒತ್ತಲಿಲ್ಲ. ಟ್ಯಾಬ್ಲೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಜಡೆಯ ತುದಿ ಬಿಚ್ಚಿ ಮತ್ತೆ ಹೆಣೆಯತೊಡಗಿದಳು. ಸ್ವಲ್ಪ ಹೊತ್ತಿಗೆ ಪಕ್ಕದ ಇಬ್ಬರದೂ ಆಯಿತು, ಅವರೂ ಸುಮ್ಮನೆ ಕುಳಿತರು. ಕೊನೆಯಲ್ಲಿದ್ದ ಬಸು ಇನ್ನೂ ಆರನೆಯ ಕೊಡದಲ್ಲಿದ್ದ, ಬೆರಳು ಎಣಿಸುತ್ತ, ತುಟಿ ಅಲ್ಲಾಡಿಸುತ್ತ. ಯಾರೂ ಅವನಿಗೆ ಹೇಳಿಕೊಡಲಿಲ್ಲ, ಅವಸರ ಮಾಡಲಿಲ್ಲ. ಇಪ್ಪತ್ತೆರಡನೆಯ ನಿಮಿಷಕ್ಕೆ ಅವನ ಹತ್ತನೆಯ ಕೊಡ ತುಂಬಿತು. ಅವನು ತಲೆಯೆತ್ತಿದ. ನಾಲ್ವರೂ ಗುಂಡಿ ಒತ್ತಿ ಒಟ್ಟಿಗೇ ಎದ್ದರು.

ನಾನು ರೇಷ್ಮಾಳನ್ನು ಹತ್ತಿರ ಕರೆದೆ. “ನಿಂದು ಯಾವಾಗೋ ಆಗಿತ್ತಲ್ಲವಾ, ಯಾಕ ಒತ್ತಲಿಲ್ಲ?”

“ಬಸೂಂದು ಆಗಿದ್ದಿಲ್ಲರಿ.”

“ಅಂವಂದು ಅಂವಗ, ನಿಂದು ನಿನಗ. ನೀ ಎದ್ದು ಹೋಗಬೌದಿತ್ತಲ್ಲ?”

ನನಗೆ ಇಷ್ಟೂ ತಿಳಿಯದೇ ಎಂಬಂತೆ ಅವಳು ಮಾಸ್ತರರ ಮುಖ ನೋಡಿದಳು. “ಸಾಲಿನಾಗ ಕುಂತ ಮ್ಯಾಲೆ ಎಲ್ಲಾರ್ದೂ ಆಗೂತನಕ ಏಳಬಾರದಲ್ರಿ” ಎಂದಳು.

“ಊಟದ ಪಂಕ್ತಿ ನೋಡ್ರಿ ಮೇಡಂ” ಎಂದರು ಮಾಸ್ತರರು. “ಬಿಸಿಯೂಟಕ್ಕ ಕುಂತಾಗ ಒಬ್ಬರದು ಮುಗಿಯೂಕಿಂತ ಮೊದಲ ಇನ್ನೊಬ್ಬರು ಎದ್ರ ಉಣ್ಣಾವಗ ಅವಮಾನ ಮಾಡಿದಂಗ ಅಂತ ನಾನ ಹೇಳೀನಿ. ಮನ್ಯಾಗೂ ಅದನ್ನ ಕಲಿಸ್ಯಾರ. ಇದಕ್ಕೂ ಹಂಗ ಮಾಡ್ತಾವ. ಅದರಾಗ ಏನರ ತಪ್ಪಾತೇನ್ರಿ?”

ಏನೂ ತಪ್ಪಾಗಿರಲಿಲ್ಲ. ತಪ್ಪಾಗಿದ್ದುದು ನನ್ನ ಹನ್ನೆರಡು ಪುಟಗಳಲ್ಲಿ. ನನ್ನ ಆಟ ಯಾರನ್ನೂ ಯಾರ ಸಮಕ್ಕೂ ತಂದಿರಲಿಲ್ಲ; ಮಕ್ಕಳು ಪಂಕ್ತಿಯ ಮರ್ಯಾದೆ ಪಾಲಿಸಿದ್ದರು, ನಾನು ಅದನ್ನು ನನ್ನ ಜಾಣತನ ಎಂದು ಬರೆದುಕೊಂಡಿದ್ದೆ. ಆದರೂ ಎಷ್ಟು ಹಗುರವೆನಿಸಿತೆಂದರೆ ಆ ಕುರ್ಚಿಯಲ್ಲಿ ಕುಳಿತು ಜೋರಾಗಿ ನಕ್ಕುಬಿಟ್ಟೆ. ಮಾಸ್ತರರು ಕಳ್ಳ ಲೆಕ್ಕ ಬರೆದಿರಲಿಲ್ಲ. ಯಾರೂ ಬರೆದಿರಲಿಲ್ಲ. ಅಂದು ಮಧ್ಯಾಹ್ನ ಮಾಸ್ತರರ ಡಬ್ಬಿಯ ಬದನೆಕಾಯಿ ಎಣ್ಣೆಗಾಯಿಗೆ ನಮ್ಮ ರೊಟ್ಟಿ ಸೇರಿಸಿ ಹದಿನೈದು ದಿನದ ಹಸಿವೆಯನ್ನೆಲ್ಲ ತೀರಿಸಿಕೊಂಡೆ.

ಹೊರಡುವಾಗ ಟ್ಯಾಬ್ಲೆಟ್ಟಿನ ಪೆಟ್ಟಿಗೆಯನ್ನು ಮಾಸ್ತರರೇ ಆಟೋದಲ್ಲಿಟ್ಟರು. “ವಾಪಸ್ ಡ್ರೈವರ್ ಕೈಯಾಗ ಕಳಿಸಿಬಿಡ್ರಿ, ನೀವ್ಯಾಕ ತ್ರಾಸ ತಗೋತೀರಿ” ಎಂದರು. ಅವರ ಮೇಲೆ ಇಟ್ಟಿದ್ದ ಅನುಮಾನದ ಸುದ್ದಿ ನನ್ನ ಬಾಯಿಗೆ ಬಂತು, ಆದರೆ ಹೊರಗೆ ಬರಲಿಲ್ಲ. ಹೂಂ ಎಂದು ಆಟೋ ಹತ್ತಿದೆ.

ಯಲಬುರ್ಗಾದಿಂದ ಕೊಪ್ಪಳದ ಬಸ್ಸು ತುಂಬಿ ತುಳುಕುತ್ತಿತ್ತು. ಹೆಣ್ಣುಮಕ್ಕಳಿಗೆ ಟಿಕೆಟ್ಟಿಲ್ಲವಲ್ಲ, ನಾನು ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ಪೆಟ್ಟಿಗೆಯನ್ನೊಮ್ಮೆ ನೋಡಿದ. “ನಿಮಗ ಫ್ರೀ ಐತ್ರಿ ಮೇಡಂ. ಪೆಟಗಿದು ಆಧಾರ ಕಾರ್ಡ್ ಐತೇನ್ರಿ?” ಸುತ್ತಲಿನವರು ನಕ್ಕರು, ನಾನೂ ನಕ್ಕು ಪೆಟ್ಟಿಗೆಗೆ ಲಗೇಜು ಟಿಕೆಟ್ಟು ತೆಗೆಸಿದೆ. ಒಂದು ತಾಸಿಗಿಂತ ತುಸು ಹೆಚ್ಚು ಹೊತ್ತಿನ ದಾರಿ. ಕೊಪ್ಪಳದ ಕೋಟೆಗುಡ್ಡ ಕಾಣುವ ಹೊತ್ತಿಗೆ ನಾಳೆ ಏನು ಮಾಡಬೇಕೆಂಬುದು ಗೊತ್ತಾಗಿತ್ತು.

ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಸಂಜೆಯ ಬೆಳಕು ಇರುವಾಗಲೇ ಲ್ಯಾಪ್‌ಟಾಪ್ ತೆರೆದೆ. ಪ್ರತಿ ಮಗು ಹತ್ತನೆಯ ಕೊಡ ತುಂಬಿದ ಹೊತ್ತು ಬೇರೆ, ಗುಂಡಿ ಒತ್ತಿದ ಹೊತ್ತು ಬೇರೆ. ಎರಡೂ ಮೊದಲಿನಿಂದ ದಾಖಲೆಯಲ್ಲಿಯೇ ಇದ್ದವು. ನಾನು ಎರಡನೆಯದನ್ನಷ್ಟೇ ಎಣಿಸಿದ್ದೆ. ರೇಷ್ಮಾ ಆರು ವಾರ, ದಿನವೂ ಹತ್ತು ಹದಿನೈದು ನಿಮಿಷ ಕಾದಿದ್ದಳು. ಬಸು ಮೊದಲ ವಾರ ಅರ್ಧ ತಾಸು ತೆಗೆದುಕೊಂಡವನು ಈಗ ಇಪ್ಪತ್ತೆರಡಕ್ಕೆ ಬಂದಿದ್ದ. ಹಳೆಯ ಸ್ಲೈಡುಗಳನ್ನು ಅಳಿಸಿ ಹೊಸದಾಗಿ ಆರು ಮಾಡಿಕೊಂಡು, ಒಂಬತ್ತಕ್ಕೆಲ್ಲ ಮಲಗಿ ನಿದ್ದೆ ಮಾಡಿದೆ.

ಗುರುವಾರ ಬೆಳಿಗ್ಗೆ ಬಸ್‌ಸ್ಟ್ಯಾಂಡ್ ಎದುರು ಮಂಡಾಳ ವಗ್ಗರಣೆ, ಎರಡು ಮಿರ್ಚಿ, ಚಹಾ. ಗಂಗಾವತಿಗೆ ನಲವತ್ತೈದು ಕಿಲೋಮೀಟರು ಆಗಬಹುದು. ಗಿಣಿಗೇರಾದ ಕಾರ್ಖಾನೆಗಳ ಕರಿ ಧೂಳು ಹಿಂದೆ ಸರಿದ ಮೇಲೆ ಕಾಲುವೆಯ ಸೀಮೆ ಬಂತು. ಗದ್ದೆಗಳಲ್ಲಿ ಎರಡನೆಯ ಬೆಳೆಯ ನಾಟಿ ನಡೆದಿತ್ತು. ಪಕ್ಕದಲ್ಲಿ ಕುಳಿತ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪಿನ ಹೆಂಗಸು ಫೋನಿನಲ್ಲಿ ತೆಲುಗಿನಲ್ಲಿ ಜಗಳವಾಡಿ ಮುಗಿಸಿ, ನನಗೊಂದು ಬಾಳೆಹಣ್ಣು ಕೊಟ್ಟಳು.

ಸಮ್ಮೇಳನದಲ್ಲಿ ಸುಮಾರು ನೂರು ಜನ ಇದ್ದರು. ಬೆಂಗಳೂರಿನ ತಂಡವೊಂದು ಆನೆಗೊಂದಿಯ ಬಂಡೆಗುಡ್ಡಗಳನ್ನು ದಪ್ಪ ಕನ್ನಡಕದೊಳಗೆ ತುಂಬಿ ತಂದಿತ್ತು. ಅದನ್ನು ಹಾಕಿಕೊಂಡರೆ ಗುಡ್ಡ ಹತ್ತಿದಂತಾಗುತ್ತದೆ. ಕಾಲೇಜಿನ ಮಾಳಿಗೆಯಿಂದ ನಿಜವಾದ ಗುಡ್ಡಗಳೇ ಕಾಣುತ್ತಿದ್ದವು, ಮಾಳಿಗೆಯಲ್ಲಿ ಯಾರೂ ಇರಲಿಲ್ಲ. ಕನ್ನಡಕಕ್ಕೆ ಪಾಳಿ ಹಚ್ಚಿದ್ದರು. ನಾನೂ ಹಚ್ಚಿದೆ. ತಲೆ ಸುತ್ತಿ ಟೇಬಲ್ಲು ಹಿಡಿದುಕೊಂಡೆ.

ನನ್ನ ಸರದಿ ಊಟವಾದ ಮೇಲೆ, ಸೋನಾ ಮಸೂರಿ ಅನ್ನ ಎಲ್ಲರ ಕಣ್ಣು ಎಳೆಯುವ ಹೊತ್ತಿಗೆ. ಹದಿನೈದು ನಿಮಿಷ ಕೊಟ್ಟಿದ್ದರು. ಮೊದಲ ಮಾತಿನಲ್ಲೇ ಹೇಳಿದೆ: ಅಚ್ಚಾಗಿ ನಿಮ್ಮ ಕೈಯಲ್ಲಿರುವ ನನ್ನ ಪ್ರಬಂಧದ ಫಲಿತಾಂಶ ತಪ್ಪು. ಕಣ್ಣು ಮುಚ್ಚಿದ್ದವರು ತೆರೆದರು. ನಿನ್ನೆ ಕಂಡದ್ದನ್ನು ಕಂಡ ಹಾಗೆ ಹೇಳಿದೆ. ರೇಷ್ಮಾ ಜಡೆ ಹೆಣೆದದ್ದು, ಬಸು ತಲೆಯೆತ್ತಿದ್ದು. ಕಾದ ನಿಮಿಷಗಳ ಪಟ್ಟಿ ತೋರಿಸಿದೆ. ಬೇಗ ಮುಗಿಸಿದವನನ್ನು ಒಡನೆ ಎಬ್ಬಿಸಿ ಕಳಿಸುವ ನನ್ನ ಆಟಕ್ಕೆ ಆ ಮಕ್ಕಳಷ್ಟು ಸಂಸ್ಕಾರವಿಲ್ಲ ಎಂದೂ ಹೇಳಿದೆ.

ಅಧ್ಯಕ್ಷರು, ಹಾಗಾದರೆ ಪ್ರಶಸ್ತಿಯ ಪಟ್ಟಿಯಿಂದ ಇದನ್ನು ಕೈಬಿಡಬೇಕಾಗುತ್ತದೆ ಎಂದರು. ಬಿಡಿ ಎಂದೆ. ಬಿಗಿ ಚಪ್ಪಲಿ ಕಳಚಿದಂತಾಯಿತು. ಹಿಂದಿನ ಸಾಲಿನಿಂದ ಬಿಳಿ ಕೂದಲಿನ ಪ್ರಾಧ್ಯಾಪಕಿಯೊಬ್ಬರು ಎದ್ದು ನಿಂತರು.

“ನೀವು ಕಣ್ಣಾರೆ ನೋಡೀರೇನು ಅಂತ ಬರದಾಕಿ ನಾನ. ಹೆಸರು ಹೇಳಬಾರದು ಅಂತ ನಿಯಮ ಐತಿ, ಇರಲಿ. ಈಗ ನೋಡಿ ಬಂದೀರಿ. ಇದನ್ನ ಬರೀರಿ, ನಾ ಓದತೀನಿ.”

ಚಹಾದ ಹೊತ್ತಿಗೆ ನಾಲ್ಕೈದು ಜನ ಬಂದು ತಮ್ಮ ತಮ್ಮ ಆಟಗಳಲ್ಲಿ ಮಕ್ಕಳು ಸುಮ್ಮನೆ ಕುಳಿತ ಹೊತ್ತನ್ನು ಏನು ಮಾಡಬೇಕೆಂದು ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ಶುಕ್ರವಾರ ಹಿಂದಿನ ಬೆಂಚಿನಲ್ಲಿ ಕುಳಿತು, ಯಾವ ಭಯವೂ ಇಲ್ಲದೆ ಇತರರ ಪ್ರಬಂಧ ಕೇಳಿದೆ. ಒಂದೆರಡಕ್ಕೆ ನಿದ್ದೆಯೂ ಮಾಡಿದೆ.

ಶನಿವಾರ ಬೆಳಿಗ್ಗೆ ಆರಕ್ಕೆ ಕನಕಗಿರಿ ಮಾರ್ಗದ ಕುಷ್ಟಗಿ ಬಸ್ಸು ಎದುರಿಗೇ ನಿಂತಿತ್ತು. ನಾನು ಕೊಪ್ಪಳದ ಬಸ್ಸು ಹತ್ತಿದೆ, ಅಲ್ಲಿಂದ ಯಲಬುರ್ಗಾ. ಪೆಟ್ಟಿಗೆಯನ್ನು ಡ್ರೈವರ್ ಕೈಗೆ ಕೊಡಬಹುದಿತ್ತು, ಎದೆಯೊಳಗಿದ್ದುದನ್ನು ಕೊಡುವಂತಿರಲಿಲ್ಲ. ಶನಿವಾರದ ಅರ್ಧ ದಿನದ ಶಾಲೆ ಬಿಡಲು ಇನ್ನೂ ಅರ್ಧ ತಾಸಿತ್ತು. ಮಾಸ್ತರರು ವರಾಂಡದಲ್ಲಿ ಹಾಜರಿ ಬರೆಯುತ್ತಿದ್ದರು. ಪೆಟ್ಟಿಗೆ ಕೆಳಗಿಟ್ಟು, ಕೂಡದೆ, ನಿಂತೇ ಹೇಳಿದೆ.

“ಸರ್, ನಿಮ್ಮ ಮ್ಯಾಲೆ ನನಗ ಸಂಶೆ ಇತ್ತು. ಲೆಕ್ಕಾ ನೀವ ತುಂಬೀರಿ ಅಂತ ತಿಳಕೊಂಡಿದ್ದೆ. ಬುಧವಾರ ನಾ ಬಂದಿದ್ದು ಅದಕ್ಕ. ತಪ್ಪಾತ್ರಿ.”

ಮಾಸ್ತರರು ಪೆನ್ನಿನ ಟೊಪ್ಪಿಗೆ ಹಾಕಿದರು. ಹಾಜರಿ ಪುಸ್ತಕ ಮುಚ್ಚಿದರು.

“ಗಂಗಾವತಿಗೆ ಹೋಗೂ ಮುಂದ ಯಾಕ ಬಂದಿದ್ರಿ ಅನ್ನೂದು ನನಗ ಅವತ್ತ ಗೊತ್ತಿತ್ರಿ ಮೇಡಂ” ಎಂದರು. “ಹೊಳ್ಳಿ ಬರೂ ಮುಂದನೂ ಬರ್ತೀರಿ ಅಂತ ಗೊತ್ತಿದ್ದಿಲ್ಲ. ಕುಂದರ್ರಿ.”